ಯಾರು ತೆಗೆಯುತ್ತಾರೆ?

ಕನ್ನಡದ ವಿಜ್ಞಾನ ಅಂಕಣಗಳಲ್ಲಿ ಒಂದು ವಾಕ್ಯ ಎಷ್ಟೋ ವರ್ಷಗಳಿಂದ ಬದಲಾಗದೆ ಉಳಿದುಬಂದಿದೆ. ಮೊದಲ ಪ್ಯಾರಾದಲ್ಲಿ ಎಲ್ಲೋ ಒಂದು ಪ್ರಯೋಗಾಲಯದಲ್ಲಿ ಏನೋ ಒಂದು ಪತ್ತೆಯಾಗಿರುತ್ತದೆ. ನಡುವೆ ಅದರ ವಿವರ. ಕೊನೆಗೆ ಆ ವಾಕ್ಯ: ಇದರಿಂದ ಮುಂದಿನ ದಿನಗಳಲ್ಲಿ ಜನಸಾಮಾನ್ಯರ ಬದುಕು ಸುಧಾರಿಸಬಹುದು. ಗಾಳಿಯ ತೇವದಿಂದ ಕುಡಿಯುವ ನೀರು ಪಡೆಯಬಹುದು, ಬಿಸಿಲನ್ನು ಹಿಂದಕ್ಕೆ ಕಳಿಸುವ ಬಣ್ಣ ಬಳಿದು ಮನೆಯನ್ನು ತಂಪಾಗಿಡಬಹುದು, ಒಂದು ಹನಿ ರಕ್ತದಲ್ಲಿ ಹತ್ತು ಕಾಯಿಲೆ ಪತ್ತೆಹಚ್ಚಬಹುದು. ಓದಿದವರಿಗೆ ಒಂದು ಗಳಿಗೆ ಹಿತವೆನಿಸುತ್ತದೆ. ಮುಂದಿನ ವಾರ ಹೊಸದೊಂದು ‘ಬಹುದು’ ಬರುತ್ತದೆ. ಹಿಂದಿನದು ಏನಾಯಿತೆಂದು ಬರೆದವರೂ ಕೇಳುವುದಿಲ್ಲ, ಓದಿದವರೂ ಕೇಳುವುದಿಲ್ಲ.

ಈ ‘ಬಹುದು’ವಿನ ಮೇಲೆ ನನಗೆ ಸಿಟ್ಟಿಲ್ಲ. ವಿಜ್ಞಾನದ ವಿಷಯದಲ್ಲಿ ಅದು ಪ್ರಾಮಾಣಿಕ ಪದ. ‘ರಾಮಬಾಣ’, ‘ಕ್ರಾಂತಿ’ ಎಂದು ಕೂಗುವುದಕ್ಕಿಂತ ಸಾವಿರ ಪಾಲು ಮೇಲು. ನನ್ನ ತಕರಾರು ವ್ಯಾಕರಣದ್ದು. ಕನ್ನಡದಲ್ಲಿ ‘ತೆಗೆಯಬಹುದು’ ಎಂದರೆ ಸಾಕು, ವಾಕ್ಯ ಪೂರ್ಣವಾಗುತ್ತದೆ. ತೆಗೆಯುವವರು ಯಾರೆಂದು ಹೇಳುವ ಪ್ರಮೇಯವೇ ಬರುವುದಿಲ್ಲ. ಕರ್ತೃವಿಲ್ಲದೆ ನಿಲ್ಲುವ ಈ ಸೌಕರ್ಯ ನಮ್ಮ ವಿಜ್ಞಾನ ಬರವಣಿಗೆಗೆ ಚಟವಾಗಿಬಿಟ್ಟಿದೆ. ಅದರಿಂದ ಆದ ನಷ್ಟವನ್ನು ನೋಡಬೇಕಾದರೆ ಕೊಪ್ಪಳ ಜಿಲ್ಲೆಗೆ ಹೋಗಬೇಕು. ಕವಿರಾಜಮಾರ್ಗ ತಿರುಳ್ಗನ್ನಡದ ಸೀಮೆಯನ್ನು ಗುರುತಿಸುವಾಗ ಹೆಸರಿಸಿದ ಊರುಗಳಲ್ಲಿ ಕೊಪಣವೂ ಒಂದು. ಕನ್ನಡದ ಒಂದು ವಾಕ್ಯವನ್ನು ಒರೆಗೆ ಹಚ್ಚಲು ಅದೇ ಸೀಮೆ ಸಿಕ್ಕಿದ್ದು ಆಕಸ್ಮಿಕ, ಆದರೂ ನನಗೆ ಇಷ್ಟವಾದ ಆಕಸ್ಮಿಕ.

ಕುಷ್ಟಗಿ, ಯಲಬುರ್ಗಾ ಕಡೆಯ ನೀರಿನ ಕತೆಯನ್ನೇ ತೆಗೆದುಕೊಳ್ಳಿ. ತುಂಗಭದ್ರೆಯ ಕಾಲುವೆ ಗಂಗಾವತಿಯನ್ನು ಭತ್ತದ ಊರು ಮಾಡಿತು. ಈ ಎರಡು ತಾಲ್ಲೂಕುಗಳು ಮಾತ್ರ ಬಹುಪಾಲು ಮಳೆಯನ್ನೂ ನೆಲದಡಿಯ ನೀರನ್ನೂ ನಂಬಿಕೊಂಡೇ ಬದುಕಿದವು. ಉತ್ತರ ಕರ್ನಾಟಕದ ಬಯಲುಸೀಮೆಯಲ್ಲಿ ಒಂದು ಕಾಲಕ್ಕೆ ಮೆಟ್ಟಿಲು ಬಾವಿ, ಕೆರೆಗಳೇ ಕುಡಿಯುವ ನೀರಿಗೆ ಆಸರೆ. ಅದರ ಜೊತೆಗೇ ಬಂದದ್ದು ನಾರುಹುಣ್ಣು. ಹುಣ್ಣಾದ ಕಾಲನ್ನು ನೀರಿಗಿಟ್ಟಾಗ ಹುಳು ತನ್ನ ಮರಿಗಳನ್ನು ಬಿಡುತ್ತದೆ. ಸೈಕ್ಲಾಪ್ಸ್ ಎಂಬ ಅತಿ ಸಣ್ಣ ನೀರುಜೀವಿ ಅವನ್ನು ನುಂಗುತ್ತದೆ. ಆ ನೀರು ಕುಡಿದವರ ಮೈಯೊಳಗೆ ಸುಮಾರು ಒಂದು ವರ್ಷ ಬೆಳೆದ ಹುಳು, ಅವರ ಕಾಲಿನಿಂದ ದಾರದಂತೆ ಹೊರಬೀಳುತ್ತದೆ. ಇದಕ್ಕೆ ಮದ್ದೂ ಇಲ್ಲ, ಲಸಿಕೆಯೂ ಇಲ್ಲ. ಇದನ್ನು ಓಡಿಸಿದ್ದು ನೀರನ್ನು ಬಟ್ಟೆಯಲ್ಲಿ ಸೋಸುವ ರೂಢಿ, ಬಾವಿಯೊಳಕ್ಕೆ ಯಾರೂ ಇಳಿಯದಂತೆ ಕಟ್ಟಿದ ಕಟ್ಟೆ, ಕೊಳವೆಬಾವಿ ಮತ್ತು ಕೈಪಂಪು. 1970ರ ದಶಕದಲ್ಲಿ ರೂಪುಗೊಂಡ ಇಂಡಿಯಾ ಮಾರ್ಕ್ 2 ಪಂಪಿನ ಮೂಲ ನಮ್ಮ ನೆರೆಯ ಸೊಲ್ಲಾಪುರದ ಪಂಪು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣಿನಿಂದ ಮುಕ್ತವೆಂದು ಪ್ರಮಾಣೀಕರಿಸಿತು. ದಿನನಿತ್ಯದ ಬದುಕನ್ನು ಸುಧಾರಿಸಿದ ಆವಿಷ್ಕಾರ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಮೊಬೈಲಿಗಿಂತ ಮೊದಲು ಈ ಕೈಪಂಪನ್ನು ತೋರಿಸುತ್ತೇನೆ.

ಅಂಕಣವಾಗಿದ್ದರೆ ಇಲ್ಲಿಗೆ ಮುಗಿಯುತ್ತಿತ್ತು. ಊರಲ್ಲಿ ಮುಗಿಯಲಿಲ್ಲ. ಕೊಳವೆ ಆಳಕ್ಕೆ ಇಳಿದಂತೆ ಕಲ್ಲಿನೊಳಗೆ ಬಹುಕಾಲ ನಿಂತ ನೀರು ಮೇಲೆ ಬಂತು, ಅದರೊಂದಿಗೆ ಫ್ಲೋರೈಡ್ ಬಂತು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಮೀರಿದರೆ ಬೆಳೆಯುವ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಮೂಡುತ್ತದೆ. ಪ್ರಮಾಣ ಇನ್ನೂ ಹೆಚ್ಚಾಗಿ ವರ್ಷಗಟ್ಟಲೆ ಕುಡಿದರೆ ಕೀಲು ಬಿಗಿಯುತ್ತದೆ, ಬೆನ್ನು ಬಾಗುತ್ತದೆ. ಫ್ಲೋರೈಡಿನಿಂದ ಮೂಳೆ ಕೆಡುವುದನ್ನು ವೈದ್ಯರು ಆಗಿನ ಮದ್ರಾಸ್ ಪ್ರಾಂತದ ನೆಲ್ಲೂರು ಕಡೆಯಿಂದ ವರದಿ ಮಾಡಿದ್ದು 1937ರಲ್ಲಿ. ಅಂದರೆ ಹಳ್ಳಿಹಳ್ಳಿಗೆ ಕೊಳವೆಬಾವಿ ಬರುವುದಕ್ಕೆ ಮೂರು ದಶಕಕ್ಕೂ ಮೊದಲೇ ವಿಜ್ಞಾನಕ್ಕೆ ಇದು ಗೊತ್ತಿತ್ತು. ನಮ್ಮ ಜನರ ಭಾಷೆಯಲ್ಲಿ ನೀರಿಗೆ ಎರಡು ಜಾತಿ: ಸಿಹಿ ನೀರು, ಸವುಳು ನೀರು. ಫ್ಲೋರೈಡಿಗೆ ರುಚಿಯೂ ಇಲ್ಲ, ಬಣ್ಣವೂ ಇಲ್ಲ. ನಾಲಗೆ ಸಿಹಿಯೆಂದು ಒಪ್ಪಿದ ನೀರೇ ಕೆಡುಕು ಮಾಡಬಲ್ಲದು ಎಂಬ ಸಂಗತಿಯನ್ನು ಹೇಳಲು ಊರಿನ ಮಾತಿನಲ್ಲಿ ಪದವಿರಲಿಲ್ಲ. ವಿಜ್ಞಾನ ಬರಹಗಾರನ ಅಗತ್ಯ ನಿಜವಾಗಿ ಬೀಳುವುದು ಇಂಥ ಕಡೆ.

ನಮ್ಮಲ್ಲಿ ಬಂದ ಬರಹವೇನು? ನಲ್ಗೊಂಡ ವಿಧಾನದ ವಿವರಣೆ. ನಾಗಪುರದ ನೀರಿ ಸಂಸ್ಥೆ ರೂಪಿಸಿದ್ದು ಅದು: ನೀರಿಗೆ ಸುಣ್ಣ, ಪಟಿಕ ಬೆರೆಸಿ ಕಲಕಿ, ಗಸಿ ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿಯನ್ನು ಬಸಿದುಕೊಳ್ಳುವುದು. ಹೀಗೆ ಫ್ಲೋರೈಡ್ ತೆಗೆಯಬಹುದು. ಯಾರು ತೆಗೆಯುತ್ತಾರೆ? ಆ ಒಂದು ಪ್ರಶ್ನೆ ಹಾಕಿದರೆ ವಾಕ್ಯದೊಳಗಿನಿಂದ ಒಂದು ಮನೆಯೇ ಎದ್ದು ಬರುತ್ತದೆ. ನಸುಕಿನಲ್ಲಿ ಕೂಲಿಗೆ ಹೊರಡುವ ಮೊದಲು ಕೊಡ ತುಂಬಿ, ತಮ್ಮ ಬಾವಿಯ ನೀರಿಗೆ ಎಷ್ಟು ಪಟಿಕ ಬೇಕೆಂದು ಅಳೆದು, ಕಲಕಿ, ಗಸಿ ಇಳಿಯುವ ತನಕ ಕಾಯಬೇಕಾದ ಹೆಂಗಸು. ಆ ಗಸಿಯನ್ನು ಚೆಲ್ಲುವ ಜಾಗ. ಪಟಿಕ ತೀರಿದ ವಾರ. ಅಲ್ಯುಮಿನಾ ಫಿಲ್ಟರಿನ ಕತೆಯೂ ಇದೇ: ಅದರ ಹೀರುವ ಶಕ್ತಿ ಮುಗಿದದ್ದು ಕಣ್ಣಿಗೆ ಕಾಣುವುದಿಲ್ಲ, ನೀರು ಮೊದಲಿನಷ್ಟೇ ತಿಳಿಯಾಗಿ ಸುರಿಯುತ್ತಿರುತ್ತದೆ. ಈಗ ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕ ಬಂದಿದೆ. ನಾಣ್ಯ ಹಾಕಿದರೆ ಇಪ್ಪತ್ತು ಲೀಟರಿನ ಕ್ಯಾನು ತುಂಬುತ್ತದೆ. ಒಳ್ಳೆಯದೇ. ಅದಕ್ಕೆ ಕರೆಂಟು ಬೇಕು, ಕಾಲಕಾಲಕ್ಕೆ ಪೊರೆ ಬದಲಿಸಬೇಕು, ಫ್ಲೋರೈಡ್ ಇನ್ನೂ ದಟ್ಟವಾಗಿರುವ ತ್ಯಾಜ್ಯ ನೀರು ಎಲ್ಲಿಗೆ ಹರಿಯಬೇಕೆಂದು ತೀರ್ಮಾನಿಸಬೇಕು. ಘಟಕ ಕೆಟ್ಟ ದಿನ ಜನ ಹಳೆಯ ಕೊಳವೆಬಾವಿಗೇ ಮರಳುತ್ತಾರೆ.

ಇದನ್ನೆಲ್ಲ ಬರೆಯುವುದು ವರದಿಗಾರನ ಕೆಲಸ, ವಿಜ್ಞಾನ ಸಾಹಿತ್ಯದ್ದಲ್ಲ ಎಂದು ಹೇಳುವವರಿದ್ದಾರೆ. ಈ ಗಡಿ ಎಲ್ಲಿಂದ ಬಂತೆಂದು ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕು. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ‘ವಿಜ್ಞಾನ’ ಪತ್ರಿಕೆ ಹೊರಡಿಸಿದಾಗ ಅವರ ಮುಂದಿದ್ದ ಸವಾಲು ಬೇರೆ: ಈ ವಿಷಯಗಳನ್ನು ಕನ್ನಡದಲ್ಲಿ ಹೇಳಲು ಆಗುತ್ತದೆಯೇ? ಆಗುತ್ತದೆಂದು ತೋರಿಸುವುದೇ ಸಾಧನೆಯಾಗಿತ್ತು. ಶಿವರಾಮ ಕಾರಂತರು 1936ರ ‘ಬಾಲ ಪ್ರಪಂಚ’ದಿಂದ ಹಿಡಿದು ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ದವರೆಗೆ ಒಬ್ಬರೇ ಹೊತ್ತ ಹೊರೆ ನೆನೆದರೆ ಈಗಲೂ ಬೆರಗಾಗುತ್ತದೆ. ಲೋಕದ ತಿಳಿವನ್ನು ಕನ್ನಡದ ಮನೆಬಾಗಿಲಿಗೆ ತರುವುದು ಆ ಪೀಳಿಗೆಯ ಕೆಲಸ, ತಂದರು. ನಾವು ಇನ್ನೂ ಅದನ್ನೇ ಮಾಡುತ್ತಿದ್ದೇವೆ. ಸುದ್ದಿ ಈಗ ಬಾಗಿಲಿಗೆ ತಾನಾಗಿಯೇ ಬರುತ್ತದೆ, ಅದೂ ಕನ್ನಡದಲ್ಲೇ, ಬೆಳಗಾಗುವಷ್ಟರಲ್ಲಿ. ಬಾಗಿಲು ದಾಟಿದ ಮೇಲೆ ಮನೆಯೊಳಗೆ ಅದಕ್ಕೆ ಏನಾಯಿತು ಎಂಬುದನ್ನು ಬರೆಯುವವರು ಬೆರಳೆಣಿಕೆಯಷ್ಟು ಜನ.

‘ಕರ್ವಾಲೊ’ ಇಲ್ಲಿ ನೆನಪಾಗುವುದು ಸಹಜ. 1980ರ ಆ ಕಾದಂಬರಿಯಲ್ಲಿ ತೇಜಸ್ವಿ ಕೇಳಿದ್ದು ಇದೇ ಬಗೆಯ ಪ್ರಶ್ನೆ: ಕಂಡವರು ಯಾರು? ಹಾರುವ ಓತಿ ಬಿದ್ದದ್ದು ಊರು ಲೆಕ್ಕಕ್ಕೇ ಇಡದ ಮಂದಣ್ಣನ ಕಣ್ಣಿಗೆ. ವಿಜ್ಞಾನಿ ಅವನ ಬೆನ್ನು ಹತ್ತುತ್ತಾನೆ. ಸಂಶೋಧನೆಗೆ ಒಂದು ಮೈ, ಒಂದು ಊರು, ಒಂದಷ್ಟು ಫಜೀತಿ ಇರುತ್ತವೆಂದು ಕನ್ನಡದ ಓದುಗರಿಗೆ ಅಷ್ಟು ಲವಲವಿಕೆಯಿಂದ ತೋರಿಸಿದ ಪುಸ್ತಕ ಮತ್ತೊಂದಿಲ್ಲ. ಆದರೆ ಅದು ಕಾಡಿನ ಕತೆ, ಹುಡುಕಾಟದ ಕತೆ. ಓತಿ ಕೈಗೆ ಸಿಗದೆ ತೇಲಿ ಹೋಗುವಲ್ಲಿ ಅದರ ಸೊಗಸಿದೆ. ಕೈಗೆ ಸಿಕ್ಕಿ, ಬಳಕೆಗೆ ಬಂದು, ಸವೆದು, ರಿಪೇರಿಗೆ ಬಂದ ವಸ್ತುವಿನ ಸುತ್ತ ಅಂಥ ಕಾದಂಬರಿ ಇನ್ನೂ ಬರಬೇಕಾಗಿದೆ. ಬಯಲುಸೀಮೆಯಲ್ಲಿ ಅದಕ್ಕೆ ಸರಕು ಬೇಕಾದಷ್ಟಿದೆ.

ಕುಷ್ಟಗಿ ಸುತ್ತಿನ ಬೀಜೋತ್ಪಾದನೆಯ ಹೊಲಗಳನ್ನೇ ನೋಡಿ. 1972ರಲ್ಲಿ ಧಾರವಾಡದಲ್ಲಿ ಡಾ. ಬಿ.ಎಚ್. ಕತರಕಿ ಅವರು ಎರಡು ಬೇರೆ ಜಾತಿಯ ಹತ್ತಿಯನ್ನು ಕೂಡಿಸಿ ವರಲಕ್ಷ್ಮಿ ತಳಿ ಕೊಟ್ಟದ್ದು ನಮ್ಮ ಕೃಷಿ ವಿಜ್ಞಾನದ ಹೆಮ್ಮೆ. ಪುಸ್ತಕದಲ್ಲಿ ಅದು ‘ಸಂಕರಣದಿಂದ ಅಧಿಕ ಇಳುವರಿ ಪಡೆಯಬಹುದು’ ಎಂದಾಗುತ್ತದೆ. ಹೊಲದಲ್ಲಿ ಅದು ಬೆರಳಿನ ಕೆಲಸ. ಇಳಿಹೊತ್ತಿನಲ್ಲಿ ಮರುದಿನ ಅರಳುವ ಮೊಗ್ಗನ್ನು ಗುರುತಿಸಿ, ಶಲಾಕೆಗೆ ನೋವಾಗದಂತೆ ಉಗುರಿನಿಂದ ಕೇಸರ ಬಿಡಿಸಬೇಕು; ಮರುದಿನ ಬೆಳಿಗ್ಗೆ ಗಂಡು ಹೂವಿನ ಪರಾಗ ತಂದು ಮುಟ್ಟಿಸಬೇಕು. ಒಂದೊಂದು ಹೂವಿಗೂ ಹೀಗೆ. ಊರವರು ಇದನ್ನು ‘ಕ್ರಾಸಿಂಗ್’ ಅನ್ನುತ್ತಾರೆ. ‘ಸಂಕರಣ’ಕ್ಕಿಂತ ಆ ಪದದಲ್ಲಿ ಕೂಲಿ, ಹೊತ್ತು, ಬಿಸಿಲು ಎಲ್ಲ ಸೇರಿಕೊಂಡಿವೆ. ಆಂಧ್ರ, ಕರ್ನಾಟಕಗಳ ಹತ್ತಿ ಬೀಜದ ಹೊಲಗಳಲ್ಲಿ ಶಾಲೆಗೆ ಹೋಗಬೇಕಾದ ಹುಡುಗಿಯರ ಬೆರಳುಗಳೇ ಈ ಕೆಲಸಕ್ಕೆ ಬಳಕೆಯಾದದ್ದು ದಾಖಲಾಗಿದೆ. ತಳಿಯ ಹೆಸರು, ಇಳುವರಿಯ ಲೆಕ್ಕ ಬರೆದ ಪಾಠದಲ್ಲಿ ಆ ಬೆರಳು ಬರದಿದ್ದರೆ ಪಾಠ ಅರ್ಧ ವಿಜ್ಞಾನ. ಸಂಕರ ಬೀಜದ ಬೆಲೆ ಏಕೆ ಹೆಚ್ಚು ಎಂಬ ಸಾದಾ ಪ್ರಶ್ನೆಗೂ ಅದರಲ್ಲಿ ಉತ್ತರ ಸಿಗುವುದಿಲ್ಲ.

ಗಂಗಾವತಿ ಕಡೆ ಕಾಲುವೆಯಿಂದಲೇ ಹುಟ್ಟಿದ ಸವುಳು ಜಮೀನಿನದೂ ಇಂಥದೇ ಕತೆ. ನೆಲದಡಿ ತೂತಿನ ಕೊಳವೆ ಹೂಳಿ, ಬಸಿಗಾಲುವೆಯಿಂದ ಉಪ್ಪುನೀರು ಹೊರಹಾಕಬಹುದು ಎನ್ನುವುದು ನಿಜ. ಆ ನೀರು ಮೊದಲು ಇಳಿಯುವುದು ಕೆಳಗಿನ ಹೊಲದವನ ಬದುವಿಗೆ, ಅವನನ್ನು ಒಪ್ಪಿಸದೆ ತಂತ್ರಜ್ಞಾನ ಒಂದು ಗೇಣೂ ಮುಂದೆ ಹೋಗದು.

ಹಾಗೆಂದು ಕನ್ನಡಕ್ಕೆ ಇದನ್ನು ಬರೆಯಲು ಬರುವುದಿಲ್ಲ ಎಂದಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಆ ಒಂದು ವಾರ ಪತ್ರಿಕೆಗಳಲ್ಲಿ, ಚಹಾದ ಅಂಗಡಿಗಳಲ್ಲಿ ನಡೆದ ವಿಜ್ಞಾನದ ಮಾತು ನನಗೆ ಯಾವ ಅಂಕಣದಲ್ಲೂ ಸಿಕ್ಕಿರಲಿಲ್ಲ. ಗೇಟಿನ ತೂಕ ಎಷ್ಟು, ಸರಪಳಿಯ ಕೊಂಡಿ ಎಲ್ಲಿ ಸವೆಯುತ್ತದೆ, ಉಳಿದ ಗೇಟುಗಳನ್ನು ತೆರೆದರೆ ಒತ್ತಡ ಹೇಗೆ ಇಳಿಯುತ್ತದೆ, ಎಷ್ಟು ನೀರು ಬಿಟ್ಟರೆ ಭತ್ತಕ್ಕೆ ಎಷ್ಟು ಉಳಿಯುತ್ತದೆ ಎಂದು ಎಲ್ಲರೂ ಮಾತಾಡಿದರು. ‘ಸ್ಟಾಪ್‌ಲಾಗ್’ ಎಂಬ ಪದ ಒಂದೇ ದಿನದಲ್ಲಿ ಕನ್ನಡವಾಯಿತು, ಯಾವ ಪಾರಿಭಾಷಿಕ ಕೋಶವೂ ಕೈಹಾಕಲಿಲ್ಲ. ನಿವೃತ್ತ ತಜ್ಞ ಕನ್ನಯ್ಯ ನಾಯ್ಡು ಮತ್ತು ಅವರ ಜೊತೆಗಿದ್ದ ಕೆಲಸಗಾರರು ಹರಿಯುವ ನೀರಿನಲ್ಲೇ ಕಬ್ಬಿಣದ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ಬಾಯಿ ಮುಚ್ಚಿದರು. ಆ ವರದಿಗಳ ವಾಕ್ಯಗಳಲ್ಲಿ ಮಾಡುವವರಿದ್ದರು, ಅವರಿಗೆ ಅಳುಕಿತ್ತು, ಮೊದಲ ತುಂಡು ಸರಿಯಾಗಿ ಕೂರದಿದ್ದರೆ ಏನೆಂಬ ಪ್ರಶ್ನೆಯಿತ್ತು. ಓದುವವರು ಒಂದು ಸಾಲನ್ನೂ ಬಿಡಲಿಲ್ಲ. ಅವರ ಗದ್ದೆ ಆ ವಾಕ್ಯದ ಕೊನೆಗಿತ್ತು.

ಗೇಟು ಹೊಸ ಆವಿಷ್ಕಾರವಲ್ಲ, ಎಪ್ಪತ್ತು ವರ್ಷ ಹಳೆಯ ಕಬ್ಬಿಣ. ಸರಪಳಿ ತುಂಡಾಗುವ ತನಕ ಯಾವ ವಿಜ್ಞಾನ ಅಂಕಣಕ್ಕೂ ಅದು ವಿಷಯವೆನಿಸಿರಲಿಲ್ಲ. ಜಲಾಶಯಕ್ಕೆ ಒಟ್ಟು 33 ಗೇಟು. ಆಗ ಉಳಿದ 32 ಕೂಡ ಅದೇ ವಯಸ್ಸಿನವಾಗಿದ್ದವು.