ಕಷ್ಟಕಾಲದ ಬೇಟೆ: ಕನ್ನಡ ಕಾವ್ಯಗಳ ಒಂದು ಪ್ರಸಂಗವಿಚಾರ

ಬೇಟೆಯ ಭಾಗಗಳನ್ನು ಅಷ್ಟಾದಶವರ್ಣನೆಗಳ ಲೆಕ್ಕಕ್ಕೆ ಸೇರಿಸಿ, ಕವಿಸಮಯದ ಕಟ್ಟಳೆಯೆಂದು ಬದಿಗೊತ್ತುವ ರೂಢಿ ನಮ್ಮ ವಿಮರ್ಶೆಯಲ್ಲಿ ಬಲವಾಗಿ ಬೇರೂರಿದೆ. ಆದರೆ ದಂಡಿಯ ಕಾವ್ಯಾದರ್ಶದ ಪಟ್ಟಿಯಲ್ಲಿ ಬೇಟೆಯ ಹೆಸರೇ ಇಲ್ಲ. ಮೃಗಯೆಯನ್ನು ಎಣಿಸಿರುವ ಸಾಹಿತ್ಯದರ್ಪಣವಾದರೋ ಹದಿನಾಲ್ಕನೆಯ ಶತಮಾನದ್ದು. ಪಂಪ ರಾಘವಾಂಕರಿಗೆ ಅದು ಪ್ರಮಾಣವಾಗಿರಲು ಸಾಧ್ಯವಿಲ್ಲ. ಹಾಗಾದರೆ ಈ ಕವಿಗಳು ಬೇಟೆಯ ಮೇಲೆ ಇಷ್ಟು ಪದ್ಯಗಳನ್ನು ವೆಚ್ಚಮಾಡಿದುದೇಕೆ?

ಕಾಡು ಮನಸ್ಸನ್ನು ಹಗುರಗೊಳಿಸುತ್ತದೆ, ಬಿಲ್ಲು ಹಿಡಿದವನು ಚಿಂತೆಯನ್ನು ಮರೆಯುತ್ತಾನೆ ಎಂಬ ಮಾತು ಹಳೆಯದು. ಶಾಕುಂತಲದ ಎರಡನೆಯ ಅಂಕದಲ್ಲಿ ಸೇನಾಪತಿ ಬೇಟೆಯನ್ನು ಹೊಗಳುವುದು ಈ ಧಾಟಿಯಲ್ಲಿಯೇ: ಮೈ ಇಳಿಯುತ್ತದೆ, ಚಲಿಸುವ ಗುರಿಗೆ ಬಾಣ ನಾಟುತ್ತದೆ. ಆದರೆ ವಿರಹದಿಂದ ನೊಂದ ದುಷ್ಯಂತ ಅಂದು ಬೇಟೆಯನ್ನೇ ನಿಲ್ಲಿಸಿಬಿಡುತ್ತಾನೆ. ಹೊಗಳಿಕೆ ಸೇವಕನದು, ನೋವು ದೊರೆಯದು, ಇವೆರಡೂ ಒಂದಾಗುವುದಿಲ್ಲ.

ಪಂಪನಲ್ಲಿ ಖಾಂಡವದಹನಕ್ಕೆ ಮುನ್ನ ಬರುವ ಬೇಟೆ ಸುಖಕಾಲದ್ದು. ಕೃಷ್ಣಾರ್ಜುನರ ಸ್ನೇಹಕ್ಕೆ ಅದು ಹಿನ್ನೆಲೆ. ಪಳಗಿಸಿದ ಮೃಗವನ್ನು ಮುಂದಿಟ್ಟು ಕಾಡುಮೃಗವನ್ನು ಸೆಳೆಯುವ ‘ದೀವ’ದಂತಹ ಮಾತುಗಳು ಹಳಗನ್ನಡದ ಬೇಟೆಗಾರರ ಬಳಕೆಯಿಂದ ಬಂದವು, ಅಂತಹ ಪರಿಭಾಷೆಯಲ್ಲಿ ಪಂಪನಿಗಿದ್ದ ಬಳಕೆ ಶಬ್ದಕೋಶಕಾರರಿಗೆ ಹಬ್ಬ. ನಮ್ಮ ಪ್ರಶ್ನೆಗೆ ಅಲ್ಲಿ ಉತ್ತರವಿಲ್ಲ.

ಉತ್ತರ ಇರುವುದು ರಾಘವಾಂಕನಲ್ಲಿ. ಹರಿಶ್ಚಂದ್ರಕಾವ್ಯದ ಬೇಟೆ ವಿನೋದದಿಂದ ಹುಟ್ಟಿದುದಲ್ಲ. ವಿಶ್ವಾಮಿತ್ರ ಸೃಷ್ಟಿಸಿದ ಮೃಗಗಳು ಬೆಳೆಗಳನ್ನು ಹಾಳುಗೆಡವುತ್ತವೆ, ಪ್ರಜೆಗಳು ಮೊರೆಯಿಡುತ್ತಾರೆ, ದೊರೆ ಹೊರಡುತ್ತಾನೆ. ನಾಯಿಗಳ ಗದ್ದಲ, ಬಲೆಗಳ ಹರಹು, ಬೇಡರ ಬಿರುನುಡಿ ಇವೆಲ್ಲವೂ ವಾರ್ಧಕ ಷಟ್ಪದಿಯ ಓಟದಲ್ಲಿ ವಾಚಕನನ್ನೂ ಎಳೆದೊಯ್ಯುತ್ತವೆ. ಬಳಿಕ ಹಂದಿಯೊಂದರ ಬೆನ್ನುಹತ್ತಿದ ದೊರೆ ದಣಿದು ಒಂದು ತಂಪಿನ ತಾಣಕ್ಕೆ ಬರುತ್ತಾನೆ. ದಣಿವೆಲ್ಲ ಕಳೆಯುವ ಆ ನೆಳಲು ಹೋಗಕೂಡದೆಂದು ಗುರು ವಸಿಷ್ಠ ಎಚ್ಚರಿಸಿದ್ದ ವಿಶ್ವಾಮಿತ್ರಾಶ್ರಮದ್ದೇ. ಅಲ್ಲಿ ಅವನಿಗೆ ಕೆಟ್ಟ ಕನಸು ಬೀಳುತ್ತದೆ. ಸಮಾಧಾನದ ಮಾತನ್ನು ಹೇಳುವವಳು ಚಂದ್ರಮತಿ. ಕಾಡು ಕೊಟ್ಟ ಸಾಂತ್ವನವೇ ಕೇಡಿನ ಬಾಗಿಲಾಗಿ, ನಿಜವಾದ ಸಾಂತ್ವನ ಹೆಂಡತಿಯ ಬಾಯಿಂದ ಬರುವಂತೆ ಕಥೆಯನ್ನು ಹೆಣೆದಿರುವುದು ರಾಘವಾಂಕನ ಪ್ರತಿಭೆ. ಇದನ್ನು ಬರಿಯ ವರ್ಣನಾಭಾಗವೆಂದು ದಾಟಿಹೋಗುವವರು ಕಾವ್ಯದ ಕೀಲನ್ನೇ ಕಾಣದೆ ಹೋಗುತ್ತಾರೆ.

ಇದು ಗ್ರಂಥಸ್ಥ ವಿಷಯ ಮಾತ್ರವೆಂದು ತಿಳಿಯಬೇಕಾಗಿಲ್ಲ. ಕಲ್ಯಾಣವನ್ನು ದಾಟಿದೊಡನೆ ಸಿಗುವ ಶಹಾಡಿನಲ್ಲಿ, ಉಲ್ಹಾಸ ನದಿಯ ನೆರೆಯ ಕಾರ್ಖಾನೆಗಳ ಹೊಗೆಯ ನಡುವೆ ಈ ಪದ್ಯಗಳನ್ನು ಓದುವ ಕನ್ನಡಿಗನಿಗೆ ಮುರಬಾಡದ ಕಡೆಯ ಬೆಟ್ಟಗಳು ದೂರವಲ್ಲ. ಬಿಲ್ಲುಬಾಣಗಳನ್ನು ಬಲ್ಲ ಕಾತಕರಿ, ಠಾಕೂರ, ವಾರಲಿ ಜನರ ಸೀಮೆಯದು. ವಾರಲಿಗಳ ಗೋಡೆಚಿತ್ರಗಳಲ್ಲಿ ಬಿಲ್ಲುಗಾರ ಇಂದಿಗೂ ಕಾಣಿಸುತ್ತಾನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಬೇಟೆ ಅಪರಾಧ. ಬೇಟೆಯನ್ನು ವಿನೋದವೆಂದ ದೊರೆಗೂ ಅದನ್ನು ಅನ್ನವೆಂದ ಬೇಡನಿಗೂ ಇರುವ ಅಂತರ ಕಾವ್ಯಗಳಲ್ಲಿ ಎಷ್ಟರಮಟ್ಟಿಗೆ ಮೂಡಿದೆಯೆಂಬುದು ಬೇರೊಂದು ಲೇಖನಕ್ಕೆ ತಕ್ಕ ವಸ್ತು.

ಇನ್ನು ಭಾರತದ ವನವಾಸ. ಕಷ್ಟಕಾಲವೆಂದರೆ ಇದಕ್ಕಿಂತ ಮಿಗಿಲಾದುದಿಲ್ಲ. ಪಾಂಡವರ ಕೈಯಲ್ಲಿ ಬಿಲ್ಲೂ ಇದೆ. ಆದರೂ ವ್ಯಾಸಭಾರತದ ಅರಣ್ಯಪರ್ವದಲ್ಲಿ ದ್ವೈತವನದ ಜಿಂಕೆಗಳು ಧರ್ಮರಾಯನ ಕನಸಿನಲ್ಲಿ ಬಂದು, ತಾವು ಕೆಲವೇ ಉಳಿದಿದ್ದೇವೆ, ಬೀಜಮಾತ್ರವಾದರೂ ಉಳಿಯಲಿ ಎಂದು ಬೇಡಿಕೊಳ್ಳುತ್ತವೆ. ನೊಂದವನಿಗೆ ತನ್ನ ನೆಮ್ಮದಿಯ ಬೆಲೆಯನ್ನು ತೆರುವವರ ಮುಖ ಕಾಣಿಸುವ ಇಂತಹ ಸ್ಥಳ ಲೋಕಸಾಹಿತ್ಯದಲ್ಲಿ ವಿರಳ. ಪಾಂಡವರು ಕಾಮ್ಯಕಕ್ಕೆ ತೆರಳುತ್ತಾರೆ. ಅಲ್ಲಿಯೂ ಅವರು ಬೇಟೆಗೆ ಹೋದ ಹೊತ್ತಿನಲ್ಲಿಯೇ ಸೈಂಧವ ದ್ರೌಪದಿಯನ್ನು ಹೊತ್ತೊಯ್ಯುತ್ತಾನೆ.

ವನವಾಸದ ಒಂದೇ ಒಂದು ಬೇಟೆ ಫಲಿಸುತ್ತದೆ, ಅದು ಇಂದ್ರಕೀಲದಲ್ಲಿ. ಪಂಪನೂ ಕುಮಾರವ್ಯಾಸನೂ ಈ ಪ್ರಸಂಗವನ್ನು ಬಿಟ್ಟಿಲ್ಲ. ಯಕ್ಷಗಾನದ ರಂಗಸ್ಥಳದಲ್ಲಿಯೂ ಅದು ಜನರಿಗೆ ಪ್ರಿಯವಾದುದೇ. ಹಂದಿಗೆ ಎರಡು ಬಾಣ ನಾಟುತ್ತವೆ, ಬೇಟೆ ಯಾರದೆಂಬ ಜಗಳ ಹುಟ್ಟುತ್ತದೆ. ಅರ್ಜುನನ ಬಾಣಗಳು ಮುಗಿಯುತ್ತವೆ, ಗಾಂಡೀವ ಕೈಬಿಡುತ್ತದೆ, ಕಿರಾತನೊಡನೆ ಮಲ್ಲಯುದ್ಧಕ್ಕಿಳಿದು ಸೋಲುತ್ತಾನೆ. ವ್ಯಾಸಭಾರತದಂತೆ, ಮಣ್ಣಿನ ಲಿಂಗಕ್ಕೆ ಮುಡಿಸಿದ ಮಾಲೆ ಕಿರಾತನ ತಲೆಯ ಮೇಲೆ ಕಾಣಿಸಿಕೊಂಡಾಗಲೇ ಅವನಿಗೆ ಎದುರಾಳಿ ಯಾರೆಂದು ತಿಳಿಯುವುದು. ಪಾಶುಪತ ದೊರೆತುದು ಗುರಿ ತಪ್ಪದ ಬಿಲ್ಲುಗಾರನಿಗಲ್ಲ, ತನಗಿಂತ ದೊಡ್ಡ ಬೇಡನ ಕೈಯಲ್ಲಿ ಸೋತವನಿಗೆ. ಆ ಬೇಡ ಕಾಡಿನವನು. ಅರ್ಜುನ ಅಲ್ಲಿಗೆ ಬಂದವನು ಮಾತ್ರ.