ಇರುಳ ಗುಡುಗನ್ನು ಮುನ್ನರಿಯುವ ವಿದ್ಯೆ

ಅಶ್ವಿನಿ, ಭರಣಿ ಮಳೆಗಳ ಕಾಲದಲ್ಲಿ, ಅಪರಾಹ್ನದ ಬಿಸಿಲಿಗೆ ಕಾದ ನೆಲದಿಂದ ತೇವವನ್ನು ಹೊತ್ತು ಮೇಲೇರಿದ ಗಾಳಿಯು ಸಂಜೆಯ ವೇಳೆಗೆ ಬೆಂಗಳೂರಿನ ಹೊಸಕೆರೆಹಳ್ಳಿಯ ನೆತ್ತಿಯ ಮೇಲೆ ಮೇಘವಾಗಿ ನಿಂತಾಗ, ಅದು ಇರುಳಿನಲ್ಲಿ ಸಿಡಿಲು ಮಳೆಯಾಗಿ ಸುರಿಯುವುದೋ ಇಲ್ಲವೇ ಚದುರಿಹೋಗುವುದೋ ಎಂಬುದನ್ನು ಮುಂಚಿತವಾಗಿಯೇ ನಿರ್ಣಯಿಸುವ ಹವಾಮಾನ ತಜ್ಞರ ವಿದ್ಯೆಯು ಶಾಸ್ತ್ರವೂ ಕಲೆಯೂ ಏಕತ್ರ ಸೇರಿದ ವಿದ್ಯೆಯೆಂದು ನಾನು ಮನಸಾರೆ ನಂಬುತ್ತೇನೆ.

ಬಲೂನಿಗೆ ಕಟ್ಟಿ ಹಾರಿಸಿದ ಉಪಕರಣವು ಬೇರೆ ಬೇರೆ ಎತ್ತರಗಳ ಉಷ್ಣತೆ, ಆರ್ದ್ರತೆ, ಗಾಳಿಗಳನ್ನು ತಿಳಿಸುತ್ತದೆ. ಕೆಳಗೆ ತೇವವೂ ಮೇಲೆ ಶೈತ್ಯವೂ ಇದ್ದರೆ ವಾಯುಮಂಡಲವು ಅಸ್ಥಿರವೆಂದು ತಿಳಿಯಬೇಕು. ಉಪಗ್ರಹದ ಚಿತ್ರದಲ್ಲಿ ಮೋಡದ ಶಿಖರವು ಶೀಘ್ರವಾಗಿ ತಣ್ಣಗಾಗುತ್ತಿದ್ದರೆ ಅದು ಬೆಳೆಯುತ್ತಿದೆಯೆಂದರ್ಥ. ಆದರೆ ಇರುಳಿನ ಲೆಕ್ಕ ಇನ್ನೂ ಸೂಕ್ಷ್ಮವಾದುದು: ನೆಲವು ತಣಿದು ಮೇಘದ ಬಲವು ಕುಂದುವುದು ಸಹಜವಾದರೂ, ಅಳಿಯುತ್ತಿರುವ ಒಂದು ಬಿರುಮಳೆಯು ಹೊರಚೆಲ್ಲಿದ ತಂಪುಗಾಳಿಯು ಮುಂದಿನ ತೇವಗಾಳಿಯನ್ನು ನೇಗಿಲಿನಂತೆ ಮೇಲೆತ್ತಿ ಹೊಸ ಮೇಘಗಳನ್ನು ಹುಟ್ಟಿಸಬಲ್ಲುದು. ಆದುದರಿಂದಲೇ ಹವಾಮಾನ ಇಲಾಖೆಯವರು ದಿನದ ಮುನ್ಸೂಚನೆಯೊಂದಿಗೆ ತೃಪ್ತರಾಗದೆ, ಮುಂದಿನ ಮೂರು ಗಂಟೆಗಳ ಎಚ್ಚರಿಕೆಯನ್ನು ಮತ್ತೆ ಮತ್ತೆ ತಿದ್ದಿ ಹೊರಡಿಸುತ್ತಾರೆ.

2020ರ ಅಕ್ಟೋಬರ್ 23ರ ಮಳೆಗೆ ರಾಜಕಾಲುವೆ ಉಕ್ಕಿ ಹೊಸಕೆರೆಹಳ್ಳಿಯ ದತ್ತಾತ್ರೇಯನಗರದ ಮನೆಗಳಿಗೆ ನೀರು ನುಗ್ಗಿದುದನ್ನು ಬಲ್ಲ ಅಲ್ಲಿನ ತಗ್ಗಿನ ನಿವಾಸಿಗಳಿಗೆ, ಅಂತಹ ಎಚ್ಚರಿಕೆಯೆಂದರೆ ಮಕ್ಕಳನ್ನೂ ದವಸವನ್ನೂ ಮೇಲಕ್ಕೆ ಸಾಗಿಸಲು ದೊರೆತ ಅವಕಾಶ. ಊರೆಲ್ಲ ಮಲಗಿರುವಾಗ ಆಕಾಶವನ್ನು ಓದುತ್ತ ಕುಳಿತವರ ಈ ಸೇವೆಗೆ ನಾವು ಸಲ್ಲಿಸಬಹುದಾದ ನಿಜವಾದ ಗೌರವವು, ಅವರ ಮಾತನ್ನು ಆಲಿಸಿ ಸಕಾಲದಲ್ಲಿ ಜಾಗೃತರಾಗುವುದೇ ಆಗಿದೆ.