ಕಾವೇರಿಯ ಕಣ್ಣೀರೂ ಕೊರಿಯದ ಕೀರ್ತಿಯೂ

ಕೊರಿಯದ ಲೇಖಕಿಯರು ಹೆಣ್ಣಿನ ಒಳಸಂಕಟವನ್ನು ಕಲೆಯಾಗಿಸಿದರು, ನಮ್ಮ ಲೇಖಕಿಯರು ಅದನ್ನು ಕಣ್ಣೀರಾಗಿ ಹರಿಯಬಿಟ್ಟರು ಎಂಬ ತೀರ್ಪು ಈಚೆಗೆ ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಓದುಗರ ನಡುವೆ ಪ್ರಮಾಣವಾಕ್ಯದಂತೆ ಸಂಚರಿಸುತ್ತಿದೆ. 2024ರಲ್ಲಿ ಹಾನ್ ಕಾಂಗ್ ಅವರಿಗೆ ನೊಬೆಲ್ ಪಾರಿತೋಷಕ ಸಂದ ತರುವಾಯ ಅದಕ್ಕೆ ಇನ್ನಷ್ಟು ಬಲ ಬಂದಿದೆ. ಇಂಗ್ಲಿಷಿನಲ್ಲಿ ‘ದಿ ವೆಜಿಟೇರಿಯನ್’ ಓದಿ, ಚೋ ನಾಮ್-ಜು ಅವರ ‘ಕಿಮ್ ಜಿಯಂಗ್, ಬಾರ್ನ್ 1982’ ಓದಿ ಮನಸ್ಸು ಕಲಕಿಹೋದ ತರುಣಿಯರು, ಅವರಲ್ಲಿ ಅನೇಕರ ಮನೆಮಾತು ಕನ್ನಡವೇ, ನಮ್ಮಲ್ಲಿ ಇಂಥದು ಎಲ್ಲಿದೆ ಎಂದು ಕೇಳುತ್ತಾರೆ. ಯಾರಾದರೂ ತ್ರಿವೇಣಿಯವರ ಹೆಸರೆತ್ತಿದರೆ, ಅದು ಅಡುಗೆಮನೆ ಸಾಹಿತ್ಯವಲ್ಲವೆ, ಸಿನಿಮಾಕ್ಕೆ ಒದಗಿದ ಕಥೆಯಲ್ಲವೆ ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಈ ಉತ್ತರವನ್ನು ಆ ತರುಣಿಯರು ತಾವಾಗಿ ಕಂಡುಕೊಂಡವರಲ್ಲ. ಅವರ ಅಜ್ಜಂದಿರ ಕಾಲದ ವಿಮರ್ಶೆ ಬಿಟ್ಟುಹೋದ ಆಸ್ತಿ ಅದು. ಆದುದರಿಂದ ನನ್ನ ಜಗಳವೂ ಆ ವಿಮರ್ಶೆಯೊಡನೆಯೇ.

ಕೊರಿಯದ ಕೃತಿಗಳು ಹಗುರವಾದುವೆಂದು ನಾನು ಹೇಳಲಾರೆ. ಹಬ್ಬಕ್ಕೆಂದು ಅತ್ತೆಯ ಮನೆಗೆ ಹೋದ ಜಿಯಂಗ್ ದುಡಿದು ದಣಿದು, ಇದ್ದಕ್ಕಿದ್ದಂತೆ ತನ್ನ ತಾಯಿಯ ದನಿಯಲ್ಲಿ, ಬೀಗಿತಿಯ ಧಾಟಿಯಲ್ಲಿ, ನಿಮ್ಮ ಮಗಳು ತವರಿಗೆ ಬಂದಳಲ್ಲ, ನಮ್ಮ ಮಗಳನ್ನೂ ಕಳಿಸಿಕೊಡಿ ಎಂಬ ಅರ್ಥದ ಮಾತನ್ನಾಡುವಾಗ, ಬಸವನಗುಡಿಯ ಸೊಸೆಗೂ ಮೈ ಜುಮ್ಮೆನ್ನುತ್ತದೆ. ಅವಳ ಕಥೆಯನ್ನೆಲ್ಲ ಬರೆದಿಟ್ಟ ಮನೋವೈದ್ಯನು ಕಡೆಯಲ್ಲಿ ತನ್ನ ಚಿಕಿತ್ಸಾಲಯಕ್ಕೆ ಅವಿವಾಹಿತೆಯೇ ಆಗಬೇಕೆಂದು ನಿಶ್ಚಯಿಸಿಕೊಳ್ಳುವುದಂತೂ ಮರೆಯಲಾಗದ ಮುಕ್ತಾಯ. 2016ರಲ್ಲಿ ಪ್ರಕಟವಾದ ಆ ಪುಸ್ತಕ ಕೊರಿಯದಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿ ಪ್ರತಿಗಳು ಮಾರಾಟವಾದದ್ದು ಅಕಾರಣವಲ್ಲ. ಆದರೆ ಈ ಎರಡು ಕೊನೆಗಳ ನಡುವೆ ಅಂಕಿಅಂಶಗಳೂ ಅಡಿಟಿಪ್ಪಣಿಗಳೂ ತುಂಬಿಕೊಂಡು, ಜಿಯಂಗ್ ಒಬ್ಬ ಹೆಣ್ಣಾಗುವ ಬದಲು ಒಂದು ಪೀಳಿಗೆಯ ವರದಿಯಾಗಿಬಿಡುತ್ತಾಳೆ. ‘ದಿ ವೆಜಿಟೇರಿಯನ್’ನಲ್ಲಿ ಹಾನ್ ಕಾಂಗರು ಚಿತ್ರಿಸಿದ ಯಂಗ್-ಹೆ ಇದಕ್ಕಿಂತ ದೊಡ್ಡ ಸೃಷ್ಟಿ. ಮಾಂಸವನ್ನು ತೊರೆದು, ಬಲಾತ್ಕಾರವಾಗಿ ಬಾಯಿಗೆ ತುರುಕಲು ಬಂದ ತಂದೆಯನ್ನು ಎದುರಿಸಿ, ಕಟ್ಟಕಡೆಗೆ ವೃಕ್ಷವಾಗಬಯಸುವ ಅವಳನ್ನು ನಾವು ಗಂಡ, ಭಾವ, ಅಕ್ಕ ಈ ಮೂವರ ದೃಷ್ಟಿಯಿಂದಲೇ ನೋಡುತ್ತೇವೆ. ಅವಳ ಸ್ವಂತ ದನಿ ಕೇಳುವುದು ಚದುರಿದ ಕನಸಿನ ತುಣುಕುಗಳಲ್ಲಿ ಮಾತ್ರ. ಇದನ್ನು ಎಲ್ಲರೂ ರಚನಾಕೌಶಲವೆಂದು ಕೊಂಡಾಡುತ್ತಾರೆ. ಕೌಶಲವು ನಿಜ, ಆದರೂ ಬಾಧೆಪಡುವವಳ ಒಳಕ್ಕೆ ಕಾಲಿಡದೆ ಹೊರಗಿನಿಂದಲೇ ಅವಳನ್ನು ಅದ್ಭುತವಾಗಿ ಕಾಣಿಸುವುದಕ್ಕಿಂತ, ಒಳಕ್ಕೆ ಹೋಗಿ ಅಲ್ಲಿನ ಬೇಗೆಯನ್ನು ತಾಳಿಕೊಂಡು ಬರೆಯುವುದು ಹೆಚ್ಚಿನ ಧೈರ್ಯವೆಂದು ನನ್ನ ಮತ.

ಆ ಧೈರ್ಯವನ್ನು ತ್ರಿವೇಣಿ ತೋರಿದರು. 1928ರಲ್ಲಿ ಹುಟ್ಟಿ, ಮನಃಶಾಸ್ತ್ರವನ್ನು ವ್ಯಾಸಂಗಮಾಡಿ, ಮೈಸೂರಿನಲ್ಲಿ ಬಾಳಿ, 1963ರಲ್ಲಿ ಹೆರಿಗೆಯಾದ ಕೆಲವೇ ದಿನಗಳಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡ ಈ ಲೇಖಕಿ ‘ಶರಪಂಜರ’ದ ಕಾವೇರಿಯನ್ನು ಸೃಷ್ಟಿಸಿದ ಕಾಲದಲ್ಲಿ, ಬಾಣಂತಿಯ ಚಿತ್ತವಿಕಾರವೆಂದರೆ ದೆವ್ವದ ಕಾಟವೋ ಮನೆತನದ ಕಳಂಕವೋ ಆಗಿತ್ತೇ ಹೊರತು, ಮದ್ದಿನಿಂದ ವಾಸಿಯಾಗಬಲ್ಲ ವ್ಯಾಧಿಯೆಂಬ ತಿಳಿವಳಿಕೆ ವಿದ್ಯಾವಂತರಲ್ಲಿಯೂ ವಿರಳವಾಗಿತ್ತು. ಕಾದಂಬರಿಯ ಅಸಾಧಾರಣತೆ ಇರುವುದು ಕಾವೇರಿ ಹುಚ್ಚಿಯಾಗುವುದರಲ್ಲಿ ಅಲ್ಲವೇ ಅಲ್ಲ. ಅವಳು ಗುಣಹೊಂದಿ ಮನೆಗೆ ಹಿಂದಿರುಗುವುದರಲ್ಲಿ. ಸಾಮಾನ್ಯ ಲೇಖಕನು ಕಥೆ ಮುಗಿಸುವ ಘಟ್ಟದಲ್ಲಿ ತ್ರಿವೇಣಿಯ ನಿಜವಾದ ಕಥೆ ಆರಂಭವಾಗುತ್ತದೆ. ಆಸ್ಪತ್ರೆ ಅವಳನ್ನು ಸ್ವಸ್ಥಳೆಂದು ಕಳಿಸಿದೆ, ಮನೆ ಒಪ್ಪುತ್ತಿಲ್ಲ. ಉಳಿದ ಹೆಂಗಸರಿಗೆ ಸಲ್ಲುವ ಸಿಟ್ಟು ಅವಳಿಗೆ ಸಲ್ಲದು, ಉಳಿದವರಿಗೆ ಸಲ್ಲುವ ಅಳು ಅವಳಿಗೆ ಸಲ್ಲದು. ನಕ್ಕರೂ, ಸುಮ್ಮನೆ ಕುಳಿತರೂ, ಒಂದು ಮಾತು ಗಟ್ಟಿಯಾಗಿ ಆಡಿದರೂ ಅದು ರೋಗದ ಲಕ್ಷಣವಾಗಿ ನೆರೆಹೊರೆಯವರ ಕಣ್ಣಿಗೆ ಬೀಳುತ್ತದೆ. ಗಂಡನ ಪ್ರೀತಿ ಬೇರೆಡೆಗೆ ತಿರುಗಿದೆಯೆಂಬ ಅವಳ ಶಂಕೆ ಸತ್ಯವಾಗಿದ್ದರೂ, ಅದನ್ನು ಶಂಕಿಸುವ ಅಧಿಕಾರ ಅವಳಿಗೆ ಉಳಿದಿಲ್ಲ. ಸ್ವಸ್ಥಚಿತ್ತಳನ್ನು ಸುತ್ತಲಿನ ಸ್ವಸ್ಥರೇ ಮತ್ತೆ ಆ ಕತ್ತಲೆಗೆ ನೂಕುತ್ತಾರೆ. ಯಂಗ್-ಹೆಯ ಆಸ್ಪತ್ರೆಯಲ್ಲಾಗಲಿ ಜಿಯಂಗಳ ವೈದ್ಯನ ಟಿಪ್ಪಣಿಯಲ್ಲಾಗಲಿ ಈ ಸೂಕ್ಷ್ಮವನ್ನು ನಾನು ಕಾಣಲಿಲ್ಲ.

ಇಷ್ಟಿದ್ದೂ ಈ ಕೃತಿಗೆ ದೊರೆತ ಸ್ಥಾನವೇನು? ಪುಟ್ಟಣ್ಣ ಕಣಗಾಲರು 1971ರಲ್ಲಿ ಅದನ್ನು ಚಲನಚಿತ್ರವಾಗಿಸಿದರು, ಕಲ್ಪನಾ ಕಾವೇರಿಯಾಗಿ ನಾಡಿನ ಮನಸ್ಸಿನಲ್ಲಿ ನಿಂತರು. ಆ ಜನಪ್ರಿಯತೆಯೇ ಕಾದಂಬರಿಯ ಮೇಲೆ ದೋಷಾರೋಪಣೆಯಾಯಿತು. ನವ್ಯದ ಉಚ್ಛ್ರಾಯಕಾಲವದು. 1965ರ ‘ಸಂಸ್ಕಾರ’ ಕಾದಂಬರಿಯ ಪ್ರಾಣೇಶಾಚಾರ್ಯರು ಒಂದು ರಾತ್ರಿಯ ಅನುಭವದಿಂದ ಕಂಗೆಟ್ಟು ಊರೂರು ಅಲೆದರೆ ಅದು ಅಸ್ತಿತ್ವದ ಪ್ರಶ್ನೆ, ಕಾವೇರಿ ತನ್ನ ಮನೆಯ ಹೊಸಿಲೊಳಗೇ ಪರಕೀಯಳಾಗಿ ಕಂಗೆಟ್ಟರೆ ಅದು ಗೃಹಕೃತ್ಯದ ಗೋಳು! ಗಂಡಸಿನ ಏಕಾಕಿತನಕ್ಕೆ ತತ್ತ್ವದ ಪೀಠವನ್ನೂ ಹೆಂಗಸಿನ ಏಕಾಕಿತನಕ್ಕೆ ಕರವಸ್ತ್ರವನ್ನೂ ಕೊಟ್ಟ ಈ ಅಭಿರುಚಿಯನ್ನೇ ನಾವು ಇಷ್ಟು ಕಾಲ ವಿಮರ್ಶೆಯೆಂದು ಗೌರವಿಸಿಕೊಂಡು ಬಂದೆವು. ಎಂ.ಕೆ. ಇಂದಿರಾ, ಅನುಪಮಾ ನಿರಂಜನ ಅವರ ಗತಿಯೂ ಬಹುಮಟ್ಟಿಗೆ ಇದೇ ಆಯಿತು. ವಾರಪತ್ರಿಕೆಯ ಧಾರಾವಾಹಿಗಾಗಿ ಕಾದು ಕುಳಿತ, ಬಾಡಿಗೆ ಪುಸ್ತಕಾಲಯದಿಂದ ಕಾದಂಬರಿ ತರಿಸಿಕೊಂಡು ಮಧ್ಯಾಹ್ನದ ಬಿಡುವಿನಲ್ಲಿ ಓದಿದ ಸಾವಿರಾರು ಗೃಹಿಣಿಯರು ಆ ಪುಟಗಳಲ್ಲಿ ತಮ್ಮ ಬಾಳನ್ನು ಗುರುತಿಸಿದರೆಂಬುದನ್ನು ಗುಣವೆಂದು ಎಣಿಸಿದ ಪಂಡಿತರು ಎಷ್ಟು ಮಂದಿ? ಅದೇ ಗುರುತಿಸುವಿಕೆ ಸೋಲ್ ನಗರದಲ್ಲಿ ನಡೆದಾಗ ಮಾತ್ರ ಜಗತ್ತು ಅದನ್ನು ಸಾಹಿತ್ಯದ ಶಕ್ತಿಯೆಂದಿತು, ನಾವೂ ತಲೆದೂಗಿದೆವು. ಹಾನ್ ಕಾಂಗರಿಗೆ 2016ರಲ್ಲಿ ಬಂದ ಅಂತರರಾಷ್ಟ್ರೀಯ ಬೂಕರ್ 2025ರಲ್ಲಿ ದೀಪಾ ಭಾಸ್ತಿಯವರ ಅನುವಾದದ ಮೂಲಕ ಬಾನು ಮುಷ್ತಾಕರಿಗೂ ಬಂದಿತು; ನನಗೆ ಅದು ಅಪಾರ ಸಂತೋಷದ ಸಂಗತಿ. ಆದರೆ ನಮ್ಮ ಹೆಂಗಸರ ಕಥೆ ನಮಗೆ ಕಾಣಿಸಬೇಕಾದರೆ ಅದು ಲಂಡನ್ನಿನ ಹಾದಿಯಾಗಿಯೇ ಬರಬೇಕೆಂಬ ಚಾಳಿ ಒಳ್ಳೆಯದಲ್ಲ.

ಜಯನಗರಕ್ಕೆ ಹತ್ತಿರದ ಹೊಸೂರು ರಸ್ತೆಯ ಮನೋವೈದ್ಯ ಸಂಸ್ಥೆ ನಿಮ್ಹಾನ್ಸ್ 2009ರಲ್ಲಿ ಬಾಣಂತಿಯರನ್ನು ಅವರ ಶಿಶುಗಳೊಡನೆಯೇ ಇರಿಸಿಕೊಂಡು ಉಪಚರಿಸುವ ವಿಭಾಗವನ್ನು ತೆರೆಯಿತು. ತಾಯಿಯನ್ನು ಮಗುವಿನಿಂದ ಅಗಲಿಸದೆ ಗುಣಪಡಿಸುವ ಈ ವಿಭಾಗ ಬರುವುದಕ್ಕೆ ನಾಲ್ಕು ದಶಕಗಳಿಗೂ ಹೆಚ್ಚು ಮುಂಚೆ, ಗುಣವಾದವಳನ್ನು ಮನೆ ಹೇಗೆ ಬರಮಾಡಿಕೊಳ್ಳಬೇಕೆಂಬ ಪ್ರಶ್ನೆಯನ್ನು ಮೈಸೂರಿನ ಒಬ್ಬ ಗೃಹಿಣಿ ಕೇಳಿದ್ದಳು. ಆ ವಿಭಾಗದಿಂದ ಹೊರಬಂದು ಬಿ.ಟಿ.ಎಂ. ಬಡಾವಣೆಯದೋ ಬನಶಂಕರಿಯದೋ ಮನೆಗೆ ಮರಳುವ ಹೆಣ್ಣಿಗೆ ಆ ಪ್ರಶ್ನೆ ಇಂದಿಗೂ ಎದುರಾಗುತ್ತದೆ.

ಕೊರಿಯದ ಕಾದಂಬರಿಗಳನ್ನು ಚರ್ಚಿಸುವ ನನ್ನ ಕಿರಿಯ ಗೆಳತಿಯರಲ್ಲಿ ಒಂದು ಬಿನ್ನಹ. ಹಾನ್ ಕಾಂಗರನ್ನು ಬಿಡಬೇಡಿ, ಚೋ ಅವರನ್ನೂ ಓದಿ. ಅವರ ನಂತರದ ಸಭೆಗೆ ‘ಶರಪಂಜರ’ವನ್ನು ಗೊತ್ತುಮಾಡಿ, ಸಿನಿಮಾವನ್ನು ನೋಡಿ ಬಂದರೆ ಸಾಕೆನ್ನದೆ ಪುಸ್ತಕವನ್ನೇ ಕೊಂಡು ಮೊದಲಿಂದ ಕಡೆಯವರೆಗೆ ಓದಿಕೊಂಡು ಬನ್ನಿ.